ಜಾತ್ರೆಯ ನೆನಪುಗಳು: ಒಂದು ವಿಮರ್ಶೆ

ಈ ಸಲ ನಮ್ಮ ಕೈಸೇರಿದ ವಿದ್ಯಾರ್ಥಿಗಳ ಬರೆಹಗಳಲ್ಲಿ ಬಹುಭಾಗ ಐಜದ ತಿಕ್ಕ ವೀರೇಶ್ವರ ಸ್ವಾಮಿಯ ಜಾತ್ರೆಯನ್ನು ಕುರಿತವು. ಸಂತೋಷದಿಂದಲೇ ಓದತೊಡಗಿದೆವು, ನಾಲ್ಕಾರು ಮುಗಿಯುವಷ್ಟರಲ್ಲಿ ಸಂದೇಹ ಹುಟ್ಟಿತು. ಎಲ್ಲರೂ ತಾಯಿಯ ಸೆರಗು ಹಿಡಿದು ಹೋದವರೇ, ಎಲ್ಲರೂ ಜನಸಾಗರದಲ್ಲಿ ತಪ್ಪಿಸಿಕೊಂಡವರೇ, ಎಲ್ಲರೂ ಕಡ್ಲೆಪುರಿ ತಿಂದವರೇ! ಈ ಸೀಮೆಯಲ್ಲಿ ಕಡ್ಲೆಪುರಿ ಎನ್ನುವವರು ಯಾರು? ಕನ್ನಡದ ಮನೆಯಲ್ಲಿ ಅದು ಮಂಡಾಳು, ತೆಲುಗಿನ ಮನೆಯಲ್ಲಿ ಬೊರುಗುಲು. ಗೊರೂರರ ‘ಹಳ್ಳಿಯ ಚಿತ್ರಗಳು’ ಹೇಮಾವತಿಯ ದಂಡೆಯ ಬರೆಹ. ಅಲ್ಲಿನ ಮಾತು ಅಲ್ಲಿನದು. ಅದರಿಂದ ಕಲಿಯತಕ್ಕದ್ದು ತನ್ನೂರನ್ನು ನೋಡುವ ಕಣ್ಣು, ಆ ಊರಿನ ತಿಂಡಿಯ ಹೆಸರಲ್ಲ.

ಈ ರಾಶಿಯಲ್ಲಿ ಒಂದು ಬರೆಹ ಮಾತ್ರ ನಮ್ಮನ್ನು ತಡೆದು ನಿಲ್ಲಿಸಿತು. ಬಂಡೆ ಎಳೆಯುವ ಪಂದ್ಯದಲ್ಲಿ ತಂದೆಯ ಎತ್ತುಗಳು ಸೋತದ್ದು ಅದರ ವಸ್ತು. ಕೊಂಬಿನ ಬಣ್ಣ, ಕೊರಳ ಗೆಜ್ಜೆ ಎರಡೇ ಮಾತಿನಲ್ಲಿ ಮುಗಿಯುತ್ತವೆ. ಎಡಗಡೆಯ ಎತ್ತು ಮುಂಗಾಲೂರಿ ಕುಸಿದಾಗ ತಂದೆ ಬಾರುಕೋಲನ್ನು ಕೆಳಗೆ ಹಾಕಿಬಿಡುತ್ತಾನೆ. ಇನ್ನೂ ಹೊತ್ತಿದೆ, ಹೊಡೆ ಎಂದು ಜನ ಕೂಗುತ್ತಾರೆ. ಅವನು ತಿರುಗಿಯೂ ನೋಡುವುದಿಲ್ಲ. ಎತ್ತುಗಳನ್ನೇರಿಸಿದ ಟೆಂಪೊದಲ್ಲಿ ಮನೆ ಮುಟ್ಟುವತನಕ ಯಾರಿಗೂ ಮಾತಿಲ್ಲ. ಎತ್ತಿನ ಕಾಲಿಗೆ ಬಿಸಿನೀರು ಕಾಯಿಸುತ್ತ ಅಜ್ಜಿ ‘ಪೋನೀಲೇರಾ’ ಎನ್ನುತ್ತಾಳೆ.

ಈ ಮಾತಿನ ಕೆಳಗೆ ಕೆಂಪು ಗೆರೆಯೆಳೆದು, ಮೇಲೆ ‘ಇರಲಿ ಬಿಡು’ ಎಂದು ತಿದ್ದಲಾಗಿತ್ತು. ತಿದ್ದಿದ ಕೈಯ ಅಳುಕು ನಮಗೆ ತಿಳಿಯದ್ದಲ್ಲ. ಸುತ್ತ ತೆಲುಗು, ಮೇಲೆ ಇಂಗ್ಲಿಷು. ಒಂದೊಂದು ಕನ್ನಡ ಮಾತನ್ನೂ ಕಾಯಬೇಕೆನಿಸುವುದು ಸಹಜ. ಆದರೆ ಅಜ್ಜಿಯ ಬಾಯಲ್ಲಿ ಕನ್ನಡ ಹೇಳಿಸಿದಾಗ ಕನ್ನಡವೇನೂ ಹೆಚ್ಚಲಿಲ್ಲ, ಅಜ್ಜಿ ಇಲ್ಲವಾದಳು. ಗದ್ವಾಲ, ಆಲಂಪುರ ತಾಲೂಕುಗಳು 1956ರ ತನಕ ರಾಯಚೂರು ಜಿಲ್ಲೆಗೆ ಸೇರಿದ್ದುವು. ಗಡಿ ಸರಿದರೂ ಸೊಸೆಯಂದಿರು ಎರಡೂ ಕಡೆಯಿಂದ ಬರುತ್ತಲೇ ಇದ್ದರು. ಕೃಷ್ಣೆ, ತುಂಗಭದ್ರೆಗಳ ನಡುವಣ ಈ ನಡಿಗಡ್ಡದ ಜಾತ್ರೆಯಲ್ಲಿ ಬಳೆಯ ಚೌಕಾಸಿ ಒಂದು ಭಾಷೆಯಲ್ಲಿ ಮೊದಲಾಗಿ ಇನ್ನೊಂದರಲ್ಲಿ ಮುಗಿಯುತ್ತದೆ. ದೇವರ ಹೆಸರನ್ನೇ ನೋಡಿ: ತೆಲುಗಿನ ‘ತಿಕ್ಕ’, ಕನ್ನಡದ ‘ತಿಕ್ಕಲು’ ಬಲು ಹತ್ತಿರದ ಮಾತುಗಳು. ಹಾಗೆಂದು ಕಂಡಕಂಡಲ್ಲಿ ಬೆರಸಿರೆಂದು ನಾವು ಹೇಳುತ್ತಿಲ್ಲ. ನಿರೂಪಣೆ ತಿಳಿಗನ್ನಡದಲ್ಲಿರುವುದರಿಂದಲೇ ಆ ಒಂದು ಮಾತು ಎದೆಗೆ ತಾಗುತ್ತದೆ.

ಬರೆಹಕ್ಕೆ ದೋಷವಿಲ್ಲದಿಲ್ಲ. ಕಡೆಗೆ ‘ಜಾತ್ರೆಗಳು ನಮ್ಮ ಸಂಸ್ಕೃತಿಯ ಪ್ರತೀಕ’ ಎಂದು ಅರ್ಧ ಪುಟದ ಉಪದೇಶವಿದೆ. ಏಕೆ ಬರೆದೆಯೆಂದು ಹುಡುಗನನ್ನು ಕೇಳಿದೆವು. ಅಂಕಗಳಿಗಾಗಿ ಎಂದನು. ಅವನ ಒಪ್ಪಿಗೆ ಪಡೆದು ಆ ಭಾಗವನ್ನು ತೆಗೆದಿದ್ದೇವೆ. ಅಜ್ಜಿಯ ಮಾತನ್ನು ಮೊದಲಿದ್ದಂತೆಯೇ ಉಳಿಸಿ ಮುಂದಿನ ಪುಟದಲ್ಲಿ ಅಚ್ಚು ಮಾಡಿದ್ದೇವೆ.