ಜೂಮ್‌ಗೆ ಬಂದ ದೆವ್ವ

ಆನ್‌ಲೈನ್ ಕ್ಲಾಸಿನ ಕಾಲದಲ್ಲಿ ಮೇಷ್ಟ್ರುಗಳು ಕಪ್ಪು ಚೌಕಗಳನ್ನು ನೋಡಿಕೊಂಡು ದಿನಾ ಕೇಳುತ್ತಿದ್ದದ್ದು ಎರಡೇ ಪ್ರಶ್ನೆ: ‘ಯಾರಾದರೂ ಇದ್ದೀರಾ? ನನ್ನ ದನಿ ಕೇಳಿಸ್ತಿದೆಯಾ?’ ಸತ್ತವರನ್ನು ಕರೆಯಲು ಕೂತವರು ಕೇಳುವುದೂ ಇದನ್ನೇ. ಬ್ರಿಟನ್ನಿನ ರಾಬ್ ಸ್ಯಾವೇಜ್ ನಿರ್ದೇಶಿಸಿದ ‘ಹೋಸ್ಟ್’ ಚಿತ್ರಕ್ಕೆ ಇದು ಚೆನ್ನಾಗಿ ಗೊತ್ತು. ಲಾಕ್‌ಡೌನ್‌ನಲ್ಲಿ ಬೇಸತ್ತ ಆರು ಮಂದಿ ಗೆಳೆಯರು ಜೂಮ್ ಕರೆಯಲ್ಲಿ ಸೇರುತ್ತಾರೆ. ಆತ್ಮಗಳ ಜೊತೆ ಮಾತಾಡಿಸುತ್ತೇನೆಂದು ಸೇಲನ್ ಎಂಬಾಕೆ ಬರುತ್ತಾಳೆ. ಗೆಳತಿಯರಲ್ಲೊಬ್ಬಳಾದ ಜೆಮ್ಮಾ ತಮಾಷೆಗೆ, ಇಲ್ಲದ ಹುಡುಗನೊಬ್ಬನ ಸಾವಿನ ಕಥೆ ಕಟ್ಟುತ್ತಾಳೆ. ಆ ಸುಳ್ಳನ್ನೇ ಮುಖವಾಡ ಮಾಡಿಕೊಂಡು ಇನ್ನೇನೋ ಒಳಗೆ ಬರುತ್ತದೆ.

ಕಥೆ ಇಷ್ಟೇ, ಹಳೆಯದೇ. ಶಡರ್ ಎಂಬ ಸ್ಟ್ರೀಮಿಂಗ್ ವೇದಿಕೆಯಲ್ಲಿ 2020ರ ಜುಲೈನಲ್ಲಿ ಬಂದ ಈ ಚಿತ್ರ ಸುಮಾರು 12 ವಾರದಲ್ಲಿ ತಯಾರಾಯಿತು. ನಿರ್ದೇಶಕರು ದೂರದಿಂದಲೇ ಹೇಳಿಕೊಟ್ಟರು, ನಟರು ತಮ್ಮ ತಮ್ಮ ಮನೆಗಳಲ್ಲಿ ಕ್ಯಾಮೆರಾ, ಲೈಟು ತಾವೇ ಹೊಂದಿಸಿಕೊಂಡರು. ಇದನ್ನೇ ದೊಡ್ಡದು ಮಾಡಿ ಹೊಗಳುವವರಿದ್ದಾರೆ. ಆದರೆ ಪಾಪ, ಕಷ್ಟಪಟ್ಟಿದ್ದಾರೆ ಎಂದು ಗ್ರೇಸ್ ಮಾರ್ಕ್ಸ್ ಕೊಡಬೇಕಾದ ಚಿತ್ರವಲ್ಲ ಇದು.

ಏಕೆಂದರೆ ಇಲ್ಲಿ ಭಯ ಹುಟ್ಟುವುದು ಆ ಕರೆಯ ತಂತ್ರದಿಂದಲೇ. ಗೆಳತಿಯರಲ್ಲಿ ಇನ್ನೊಬ್ಬಳಾದ ಕ್ಯಾರೊಲಿನ್ ಆರಂಭದಲ್ಲಿ ಎಲ್ಲರನ್ನೂ ನಗಿಸಲು ತಾನೇ ಕೋಣೆಗೆ ನಡೆದುಬರುವ ವಿಡಿಯೊವನ್ನು ಹಿನ್ನೆಲೆಗೆ ಹಾಕಿಕೊಂಡಿರುತ್ತಾಳೆ. ಅದು ಮುಗಿದಂತೆಲ್ಲ ಮತ್ತೆ ಮೊದಲಿನಿಂದ ಓಡುತ್ತದೆ. ಆಮೇಲೊಮ್ಮೆ ಅವಳ ಚೌಕದಲ್ಲಿ ಅದೇ ವಿಡಿಯೊ ಓಡುತ್ತಿರುತ್ತದೆ, ಅವಳು ಕಾಣುವುದಿಲ್ಲ. ಇದ್ದಕ್ಕಿದ್ದಂತೆ ಆ ನಗುವ ಕ್ಯಾರೊಲಿನ್‌ಳನ್ನು ಸೀಳಿಕೊಂಡು ನಿಜವಾದ ಕ್ಯಾರೊಲಿನ್‌ಳ ಜಜ್ಜಿದ ಮುಖ ಪರದೆಗೆ ಬಡಿಯುತ್ತದೆ. ಮುಖ ಹಿಂದೆ ಸರಿದ ಕೂಡಲೇ ಹಿನ್ನೆಲೆ ಮುಚ್ಚಿಕೊಳ್ಳುತ್ತದೆ, ಅವಳು ಮತ್ತೆ ಆರಾಮಾಗಿ ಕೋಣೆಗೆ ನಡೆದುಬರುತ್ತಾಳೆ. ಈ ಕೆಲವೇ ಕ್ಷಣಗಳಿಗೆ ನನ್ನ ಪೂರ್ತಿ ಅಂಕ. ಮುಖಕ್ಕೆ ಅಂಟಬೇಕಾದ ತಮಾಷೆಯ ಫಿಲ್ಟರ್ ಖಾಲಿ ಗಾಳಿಯಲ್ಲಿ ಹೋಗಿ ಕೂರುವ ದೃಶ್ಯವೂ ಇದೇ ಜಾತಿಯದು. ಅಲ್ಲೊಂದು ಮುಖವಿದೆ ಎಂದು ಮೊದಲು ಕಂಡುಕೊಳ್ಳುವುದು ಸಾಫ್ಟ್‌ವೇರ್, ಮನುಷ್ಯರಲ್ಲ.

ದೆವ್ವ ಕೈಗೆ ಸಿಕ್ಕವರನ್ನು ಎಳೆದಾಡಿ ಎಸೆಯಲು ಶುರುಮಾಡಿದ ಮೇಲೆ ಚಿತ್ರ ಸೊರಗುತ್ತದೆ. ಅಂಥದ್ದನ್ನು ಯಾವ ಬಂಗಲೆಯಲ್ಲೂ ಮಾಡಬಹುದು, ಅದಕ್ಕೆ ಜೂಮ್ ಏಕೆ ಬೇಕು? ಕೊನೆಯಲ್ಲಿ ವಿಕಾರ ಮುಖವೊಂದು ಕ್ಯಾಮೆರಾದ ಮೇಲೆರಗುವುದಂತೂ ಅಗ್ಗದ ಆಟ. ಪಾತ್ರಗಳ ವಿಷಯದಲ್ಲೂ ತಕರಾರಿದೆ. ಗೆಳತಿಯರಾದ ಹೇಲಿ, ಜೆಮ್ಮಾ ಇಬ್ಬರನ್ನು ಬಿಟ್ಟರೆ ಉಳಿದವರು ಸಾಯುವುದಕ್ಕೆಂದೇ ಲಾಗಿನ್ ಆದಂತಿದ್ದಾರೆ.

ಉಚಿತ ಕರೆಯ 40 ನಿಮಿಷದ ಮಿತಿಯನ್ನು ಗಡುವಾಗಿ ಬಳಸಿಕೊಂಡದ್ದು ಮಾತ್ರ ಜಾಣತನ. ಚಿತ್ರವೂ ಒಂದು ಗಂಟೆ ದಾಟುವುದಿಲ್ಲ. ಕೊನೆಗೆ ಕಲಾವಿದರ ಹೆಸರುಗಳೂ ಕರೆಯಲ್ಲಿ ಸೇರಿದವರ ಪಟ್ಟಿಯಾಗಿಯೇ ಬರುತ್ತವೆ. ನೋಡುವುದಾದರೆ ದೊಡ್ಡ ಟೀವಿ ಬೇಡ. ಲ್ಯಾಪ್‌ಟಾಪಿನಲ್ಲಿ, ಕಿವಿಗೆ ಇಯರ್‌ಫೋನ್ ಹಾಕಿಕೊಂಡು, ಒಬ್ಬರೇ ಕೂತು ನೋಡಿ.