‘ಅಕಾಲ’, ‘ಅಕಾಲಿಕ’, ‘ಆಕಾಲಿಕ’: ಅರ್ಥವಿಚಾರ

ಪುಷ್ಯಮಾಸದಲ್ಲಿ ಮಳೆ ಬಿದ್ದರೆ ವೃತ್ತಪತ್ರಿಕೆಗಳು ಅದನ್ನು ‘ಅಕಾಲಿಕ ಮಳೆ’ ಎಂದು ಬರೆಯುತ್ತವೆ. ಸಂಸ್ಕೃತವನ್ನೋದಿದವರಲ್ಲಿ ಕೆಲವರು ಇದನ್ನು ಕಂಡು, ‘ಅಕಾಲ’ಶಬ್ದದ ಮೇಲೆ ತದ್ಧಿತಪ್ರತ್ಯಯ ಬಂದಾಗ ಆದಿಸ್ವರಕ್ಕೆ ವೃದ್ಧಿಯಾಗಿ ‘ಆಕಾಲಿಕ’ವೆಂದೇ ಆಗಬೇಕು, ‘ಅಕಾಲಿಕ’ವು ಅಪಶಬ್ದವೆಂದು ಆಕ್ಷೇಪಿಸುವುದುಂಟು, ವಿದ್ಯಾರ್ಥಿಗಳ ಲೇಖನಗಳಲ್ಲಿ ಅದನ್ನು ತಿದ್ದುವುದೂ ಉಂಟು. ಒಂದು ದೀರ್ಘಾಕ್ಷರದ ಮಾತಿನಂತೆ ತೋರುವ ಈ ತಿದ್ದುಪಡಿಯಿಂದ ಅರ್ಥಕ್ಕೊದಗುವ ತೊಡಕು ಸಣ್ಣದಲ್ಲ. ಏಕೆಂದರೆ, ‘ಆಕಾಲಿಕ’ವೆಂಬ ರೂಪವು ಬೇರೆ ಅರ್ಥಗಳಲ್ಲಿ ಮೊದಲೇ ನೆಲೆಗೊಂಡಿದೆ.

ಪಾಣಿನಿಯು ತನ್ನ ಐದನೆಯ ಅಧ್ಯಾಯದ ಮೊದಲನೆಯ ಪಾದದಲ್ಲಿ (೧೧೪ನೆಯ ಸೂತ್ರ) ಈ ಶಬ್ದವನ್ನು ನಿಪಾತನದಿಂದ ಸಾಧಿಸಿದ್ದಾನೆ. ಯಾವುದರ ಆದಿಯೂ ಅಂತವೂ ಒಂದೇ ಕಾಲದಲ್ಲಿ ಆಗುವುವೋ ಅದು ಆಕಾಲಿಕ. ಹುಟ್ಟಿದೊಡನೆ ಅಳಿಯುವ ಮಿಂಚು, ಗುಡುಗು ಇದಕ್ಕೆ ಕಾಶಿಕಾಕಾರರು ಕೊಡುವ ನಿದರ್ಶನಗಳು. ಇಲ್ಲಿ ನಿಷೇಧದ ಸುಳಿವೇ ಇಲ್ಲ. ಧರ್ಮಶಾಸ್ತ್ರದಲ್ಲಿ ಇದೇ ರೂಪಕ್ಕೆ ಮತ್ತೊಂದು ಅರ್ಥ. ಮಿಂಚು, ಗುಡುಗು, ಮಳೆಗಳು ಕೂಡಿ ಬಂದಾಗ ಮನುವು ‘ಆಕಾಲಿಕ’ವಾದ ಅನಧ್ಯಾಯವನ್ನು ವಿಧಿಸುತ್ತಾನೆ (೪-೧೦೩), ಎಂದರೆ ಆ ನಿಮಿತ್ತವು ತೋರಿದ ಹೊತ್ತಿನಿಂದ ಮರುದಿನ ಅದೇ ಹೊತ್ತಿನವರೆಗೆ ವೇದಪಾಠವಿಲ್ಲ. ಇಲ್ಲಿರುವುದು ಅವಧಿಯನ್ನು ತಿಳಿಸುವ ‘ಆ’ ಎಂಬ ಉಪಸರ್ಗ. ಇದರ ಮುಂದಿನ ಶ್ಲೋಕವನ್ನು ನೋಡಿದರೆ ಸಂದೇಹಕ್ಕೆ ಎಡೆಯೇ ಉಳಿಯದು. ಕಾಲವಲ್ಲದ ಕಾಲದಲ್ಲಿ ಮೋಡ ಕಾಣಿಸಿದರೆ ಏನು ಮಾಡಬೇಕೆಂಬುದನ್ನು ಹೇಳುವಾಗ ಮನುವು ‘ಆಕಾಲಿಕ’ವನ್ನು ಬಿಟ್ಟು ‘ಅನೃತು’ ಎಂಬ ಬೇರೆ ಶಬ್ದವನ್ನೇ ಹಿಡಿದಿದ್ದಾನೆ. ಅಕ್ಕಪಕ್ಕದ ಎರಡು ಶ್ಲೋಕಗಳಲ್ಲಿ ಎರಡು ಅರ್ಥಗಳಿಗೆ ಎರಡು ಶಬ್ದಗಳು.

ಹಾಗೆಂದ ಮಾತ್ರಕ್ಕೆ ‘ಆಕಾಲಿಕ’ಕ್ಕೆ ‘ಅಕಾಲದಲ್ಲಿ ಆದದ್ದು’ ಎಂಬರ್ಥವೇ ಇಲ್ಲವೆನ್ನಲಾಗದು. ಕುಮಾರಸಂಭವದ ಮೂರನೆಯ ಸರ್ಗದಲ್ಲಿ ಮನ್ಮಥನೊಡನೆ ಬಂದ ವಸಂತನು ಶಿವನ ತಪೋವನದಲ್ಲಿ ತಲೆದೋರಿದುದನ್ನು ಕಾಳಿದಾಸನು ‘ಆಕಾಲಿಕೀ’ ಎಂಬ ವಿಶೇಷಣದಿಂದ ಹೇಳಿದ್ದಾನೆ. ಕಾಮದಹನವಾದ ಮೇಲೆ ಆ ವಸಂತವರ್ಣನೆಯು ಮುಂದುವರಿಯುವುದಿಲ್ಲವಾದುದರಿಂದ, ಪಾಣಿನೀಯವಾದ ‘ಕ್ಷಣಿಕ’ವೆಂಬರ್ಥವನ್ನೇ ಇಲ್ಲಿ ಹೇಳಬಾರದೇಕೆ ಎಂದು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಆದರೆ ಕವಿಯು ಆ ವಿಶೇಷಣವನ್ನು ಕೂಡಿಸಿರುವುದು ವಸಂತದ ಪ್ರವೃತ್ತಿಗೆ, ಎಂದರೆ ತೊಡಗುವಿಕೆಗೆ. ಅದನ್ನು ಕಂಡು ಕಷ್ಟದಿಂದ ಮನಸ್ಸನ್ನು ಬಿಗಿಹಿಡಿದವರು ಅಲ್ಲಿಯ ತಪಸ್ವಿಗಳು. ಅದು ಬೇಗನೆ ಮುಗಿಯುವುದೆಂಬುದು ಅವರ ಕಣ್ಣಿಗೆ ಬೀಳುವ ಸಂಗತಿಯಲ್ಲ. ಋತುವಲ್ಲದ ಋತುವಿನಲ್ಲಿ ಚಿಗುರು ಒಡೆದದ್ದು ಮಾತ್ರ ಕಣ್ಣಿಗೆ ಬೀಳುವಂಥದು. ಆದುದರಿಂದ ಇಲ್ಲಿ ‘ಅಕಾಲದಲ್ಲಿ ಆದದ್ದು’ ಎಂಬುದೇ ವಾಚ್ಯಾರ್ಥ. ಕ್ಷಣಿಕತೆಯನ್ನು ಧ್ವನಿಯೆಂದು ಬೇಕಾದರೆ ಒಪ್ಪಬಹುದು.

ಇನ್ನು ‘ಅಕಾಲಿಕ’ದ ಸಾಧುತ್ವ. ಮೊದಲು ‘ಕಾಲ’ಕ್ಕೆ ಪ್ರತ್ಯಯ ಹತ್ತಿ ‘ಕಾಲಿಕ’ವಾಗಿ, ಅನಂತರ ನಞ್ ಸಮಾಸವಾದರೆ ‘ಅಕಾಲಿಕ’ವೆಂದೇ ಆಗುತ್ತದೆ, ವೃದ್ಧಿಗೆ ಅಲ್ಲಿ ಪ್ರಸಕ್ತಿಯೇ ಇಲ್ಲ. ‘ಕಾಲೋಚಿತವಲ್ಲದ್ದು’ ಎಂಬರ್ಥ ನೇರವಾಗಿ ದೊರೆಯುತ್ತದೆ. ಕನ್ನಡಿಗರು ಹ್ರಸ್ವವನ್ನು ಉಳಿಸಿಕೊಂಡದ್ದರಿಂದ ಮಿಂಚಿನ ‘ಆಕಾಲಿಕ’ಕ್ಕೂ ಮಳೆಯ ‘ಅಕಾಲಿಕ’ಕ್ಕೂ ಭೇದ ಸ್ಪಷ್ಟವಾಯಿತು. ಇದನ್ನು ತಿದ್ದಲು ಹೊರಡುವುದು ಪಾಂಡಿತ್ಯವಲ್ಲ.

ವಿಚಾರವು ನಿಜವಾಗಿ ಗಹನವಾಗುವುದು ‘ಅ’ಕಾರದ ಅರ್ಥದಲ್ಲಿ. ಆಗುವುದೆಲ್ಲವೂ ಯಾವುದೋ ಒಂದು ಕಾಲದಲ್ಲಿಯೇ ಆಗುವುದರಿಂದ ಅಕಾಲವೆಂಬುದೇ ಇಲ್ಲ, ಅಕಾಲಮೃತ್ಯುವೂ ಇಲ್ಲ ಎಂಬ ಪೂರ್ವಪಕ್ಷವನ್ನು ಚರಕಸಂಹಿತೆಯ ಶಾರೀರಸ್ಥಾನದ ಆರನೆಯ ಅಧ್ಯಾಯದಲ್ಲಿ ಎತ್ತಿಕೊಂಡಿದೆ. ಅಲ್ಲಿಯ ಸಮಾಧಾನವು ಲೋಕವ್ಯವಹಾರವನ್ನು ಆಶ್ರಯಿಸಿದೆ: ಮಳೆ, ಚಳಿ, ಬಿಸಿಲು, ಹೂ, ಹಣ್ಣು ಇವು ಕಾಲದಲ್ಲಿ ಬಂದುವು, ಅಕಾಲದಲ್ಲಿ ಬಂದುವು ಎಂದು ಜನರು ಹೇಳುತ್ತಾರೆ, ಹಾಗೆಯೇ ಮೃತ್ಯುವಿಗೂ. ಎಂದರೆ ಕಾಲವಿಲ್ಲವೆಂದು ಅರ್ಥವಲ್ಲ, ಆ ವಸ್ತುವಿಗೆ ಹೇಳಿದ ಕಾಲವಲ್ಲವೆಂದು ಅರ್ಥ. ಸಂಸ್ಕೃತದ ನಞ್ ಒಂದೇ ಆದುದರಿಂದ ಶಾಸ್ತ್ರಕಾರರಿಗೆ ಇಷ್ಟು ವಾದ ಬೇಕಾಯಿತು. ಕನ್ನಡದಲ್ಲಾದರೋ ‘ಇಲ್ಲ’ ಬೇರೆ, ‘ಅಲ್ಲ’ ಬೇರೆ. ಮೊದಲನೆಯದು ಅಭಾವವನ್ನೂ ಎರಡನೆಯದು ಅನ್ಯತ್ವವನ್ನೂ ಹೇಳುತ್ತದೆ. ‘ಕಾಲವಲ್ಲದ ಕಾಲ’ ಎಂಬ ಆಡುಮಾತಿನಲ್ಲಿ ಕಾಲವನ್ನು ಅಲ್ಲಗಳೆದು ಮತ್ತೆ ಕಾಲವನ್ನೇ ಹೇಳಿದೆ. ‘ಕಾಲವಿಲ್ಲದ ಕಾಲ’ ಎಂದು ಹಳ್ಳಿಯ ಒಕ್ಕಲಿಗನೂ ಹೇಳನು. ಚರಕದ ಸಿದ್ಧಾಂತವು ಈ ಎರಡು ಪದಗಳಲ್ಲಿ ಅಡಗಿದೆ.

ಇತರ ಭಾಷೆಗಳು ಬೇರೆ ದಾರಿ ಹಿಡಿದಿವೆ. ಪಾಳಿಯಲ್ಲಿ ಬುದ್ಧಧರ್ಮಕ್ಕೆ ‘ಅಕಾಲಿಕ’ವೆಂಬ ವಿಶೇಷಣವಿದೆ, ಫಲಕೊಡಲು ಕಾಲವನ್ನು ಕಾಯದದ್ದೆಂದು ಬುದ್ಧಘೋಷನ ವಿವರಣೆ. ಪಂಜಾಬಿಯಲ್ಲಿ ‘ಅಕಾಲ’ನು ಕಾಲಕ್ಕೊಳಗಾಗದ ಪರಮಾತ್ಮ, ಅಮೃತಸರದ ಅಕಾಲ ತಖ್ತಿನ ಹೆಸರು ಇದರಿಂದ ಬಂದದ್ದು. ಈ ಎರಡೂ ‘ಇಲ್ಲ’ದ ಕಡೆಯವು. ಹಿಂದಿಯ ‘ಅಕಾಲ’ವು ಕೆಟ್ಟ ಕಾಲವನ್ನು, ಎಂದರೆ ಬರಗಾಲವನ್ನು ಹೇಳುತ್ತದೆ, ಹಿಂದಿಯಿಂದ ಅನುವಾದಿಸುವವರು ಎಚ್ಚರದಿಂದಿರಬೇಕಾದ ಸ್ಥಳವಿದು.

ಅಕಾಲವು ವಸ್ತುವನ್ನು ಹಿಡಿದು ನಿಲ್ಲುವುದೆಂಬುದಕ್ಕೆ ಕೊಡಗು, ಚಿಕ್ಕಮಗಳೂರುಗಳ ಕಾಫಿತೋಟಗಳೇ ಸಾಕ್ಷಿ. ಮುಂಗಾರಿಗೆ ಬಹಳ ಮೊದಲೇ, ಫಾಲ್ಗುನ ಚೈತ್ರಗಳಲ್ಲಿ ಬೀಳುವ ಮಳೆಯನ್ನು ಅಲ್ಲಿ ಯಾರೂ ಅಕಾಲದ್ದೆನ್ನರು. ಅದು ಹೂಮಳೆ, ಅದಕ್ಕಾಗಿ ಕಾದಿರುತ್ತಾರೆ. ಅದಕ್ಕೆ ಎರಡು ತಿಂಗಳು ಹಿಂದೆ, ಹಣ್ಣು ಕಣದಲ್ಲಿ ಒಣಗುತ್ತಿರುವಾಗ ಬಿದ್ದರೆ ಅಕಾಲವೃಷ್ಟಿ. ಶಬ್ದದಲ್ಲಿ ಅಶುಭವೂ ನಿಯತವಲ್ಲ. ಲಂಕೆಯಿಂದ ಮರಳುವ ರಾಮನು ಅಯೋಧ್ಯೆಯ ದಾರಿಯ ಮರಗಳೆಲ್ಲ ಅಕಾಲದಲ್ಲಿ ಫಲಿಸಲೆಂದು ಭರದ್ವಾಜರನ್ನು ಬೇಡಿ ವರವಾಗಿ ಪಡೆದನು. ಅದೇ ಸಂಗತಿಯನ್ನು ಬೃಹತ್ಸಂಹಿತೆಯಲ್ಲಿ ವರಾಹಮಿಹಿರನು ಉತ್ಪಾತಗಳಲ್ಲಿ ಎಣಿಸಿದ್ದಾನೆ. ಮರಣದ ವಿಷಯದಲ್ಲಿ ಮಾತ್ರ ಈ ಶಬ್ದವು ಯಾವಾಗಲೂ ಮುಂಚಿತವಾದುದನ್ನೇ ಹೇಳುತ್ತದೆ. ನೂರು ದಾಟಿ ಸತ್ತವನದು ಅಕಾಲಮರಣವೆಂದು ಹೇಳಿದವರಿಲ್ಲ.

ಪ್ರಯೋಗದಲ್ಲಿ ಗಮನಿಸತಕ್ಕದ್ದು ಇನ್ನೊಂದುಂಟು. ‘ಅಕಾಲಮಳೆ’ ಎಂದು ಸಮಾಸ ಮಾಡಿದರೆ ಕೇಶಿರಾಜನು ನಿಷೇಧಿಸಿದ ಅರಿಸಮಾಸವಾಗುತ್ತದೆ. ‘ಅಕಾಲವೃಷ್ಟಿ’ ಎಂದಾಗಲಿ ಷಷ್ಠಿಯನ್ನು ಉಳಿಸಿ ‘ಅಕಾಲದ ಮಳೆ’ ಎಂದಾಗಲಿ ಬರೆದರೆ ದೋಷವಿಲ್ಲ. ನಡುರಾತ್ರಿಯಲ್ಲಿ ಬಂದ ನೆಂಟನಿಗೆ ಈ ಯಾವ ಶಬ್ದವೂ ಕನ್ನಡದಲ್ಲಿ ಸಲ್ಲದು. ಸಂಸ್ಕೃತದ ‘ಅಕಾಲ’ವು ಋತುವನ್ನೂ ದಿನದ ವೇಳೆಯನ್ನೂ ಒಟ್ಟಿಗೆ ಹೊರುತ್ತದೆ, ಕನ್ನಡದಲ್ಲಿ ಕಾರ್ತಿಕದ ಮಾವು ಕಾಲವಲ್ಲದ ಕಾಲದ್ದು, ಆ ನೆಂಟನು ಬಂದದ್ದು ಹೊತ್ತಲ್ಲದ ಹೊತ್ತಿನಲ್ಲಿ.