ಹಾಡಿನಾಚೆಯ ಹಾದಿ



ಸಂಗೀತದ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಇಂದು ಎರಡು ತಲೆಮಾರುಗಳು ಎರಡು ಬೇರೆ ಭಾಷೆಗಳನ್ನು ಆಡುತ್ತಿವೆ. ಕಬಿನಿಯ ಹಿನ್ನೀರಿಗೂ ನಾಗರಹೊಳೆಯ ಕಾಡಿಗೂ ಹತ್ತಿರವಿರುವ ನಮ್ಮ ಅಂತರಸಂತೆಯೂ ಇದಕ್ಕೆ ಹೊರತಲ್ಲ. ಮೈಸೂರಿಗೋ ಬೆಂಗಳೂರಿಗೋ ಓದಲು ಹೋದ ಮಕ್ಕಳು ರಜೆಗೆ ಬರುವಾಗ ಮೊಬೈಲಿನಲ್ಲಿ ಗಿಟಾರು, ಡ್ರಮ್ಮುಗಳ ಲೋಕವೊಂದನ್ನೇ ಹೊತ್ತು ತರುತ್ತಾರೆ. ಹಿರಿಯರು ಅದನ್ನು ‘ಗದ್ದಲ’ವೆಂಬ ಒಂದೇ ಪದದಿಂದ ತಳ್ಳಿಹಾಕುತ್ತಾರೆ, ಕಿರಿಯರು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಅಲ್ಲಿಗೆ ಮಾತು ಮುಗಿಸುತ್ತಾರೆ. ಒಂದೇ ಸೂರಿನಡಿ ಬಾಳುವವರು ಪರಸ್ಪರರ ಹಾಡನ್ನು ಕೇಳಲಾರದಾದರೆ ಪರಸ್ಪರರ ಅಳಲನ್ನು ಕೇಳುವುದು ಹೇಗೆ? ಈ ಪ್ರಶ್ನೆಯೇ ನನ್ನನ್ನು ಈ ವಿಮರ್ಶೆಗೆ ತೊಡಗಿಸಿದೆ. ‘ಪ್ರೊಗ್ರೆಸಿವ್ ರಾಕ್’ ಎಂದು ಕರೆಯಲಾಗುವ ಸಂಗೀತಪ್ರಕಾರವನ್ನೂ, ಅದರ ಹಾದಿಯಲ್ಲಿ ನಡೆದ ನಮ್ಮ ನಾಡಿನ ಕೆಲವು ತಂಡಗಳ ಆಲ್ಬಂಗಳನ್ನೂ ಇಲ್ಲಿ ತೂಗಿ ನೋಡೋಣ.

ಮೊದಲು ಹೆಸರಿನ ಗೊಂದಲ ನೀಗಲಿ. ನಮ್ಮ ಸಾಹಿತ್ಯದ ಪ್ರಗತಿಶೀಲ ಚಳವಳಿಗೂ ಈ ‘ಪ್ರೊಗ್ರೆಸಿವ್’ ಪದಕ್ಕೂ ಸಂಬಂಧವಿಲ್ಲ. 1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಕೆಲವು ಯುವಕರಿಗೆ ಮೂರು ನಿಮಿಷದ ಪ್ರೇಮಗೀತೆ ಸಾಲದೆನಿಸಿತು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ವಿಸ್ತಾರ, ಜಾಝ್‌ನ ಮನೋಧರ್ಮ, ಜನಪದದ ಕಥನ, ಚರ್ಚಿನ ಆರ್ಗನ್ನಿನ ಗಾಂಭೀರ್ಯ ಇವೆಲ್ಲವನ್ನೂ ರಾಕ್ ಸಂಗೀತದೊಳಗೆ ತರುವ ಸಾಹಸಕ್ಕೆ ಅವರು ಕೈಹಾಕಿದರು. 1969ರಲ್ಲಿ ಬಂದ ಕಿಂಗ್ ಕ್ರಿಮ್ಸನ್ ತಂಡದ ಮೊದಲ ಆಲ್ಬಂ ಈ ಹಾದಿಯ ಮುಖ್ಯ ಮೈಲಿಗಲ್ಲು. ಯೆಸ್, ಜೆನೆಸಿಸ್, ಜೆಥ್ರೋ ಟಲ್, ಪಿಂಕ್ ಫ್ಲಾಯ್ಡ್ ಮುಂತಾದ ತಂಡಗಳು ಅದನ್ನು ಹಿಗ್ಗಿಸಿದವು. ಅಂದಿನ ಎಲ್‌ಪಿ ತಟ್ಟೆಯ ಒಂದು ಮಗ್ಗುಲಿನಲ್ಲಿ ಸುಮಾರು 20 ನಿಮಿಷಗಳ ಸಂಗೀತ ಹಿಡಿಸುತ್ತಿತ್ತು. ಆ ಮಗ್ಗುಲನ್ನೇ ಒಂದು ಕೃತಿಯನ್ನಾಗಿಸಿ, ಬಿಡಿಹಾಡುಗಳ ಬುಟ್ಟಿಯಾಗಿದ್ದ ಆಲ್ಬಮನ್ನು ಒಂದು ಇಡಿಯಾದ ರಚನೆಯನ್ನಾಗಿ ಕಟ್ಟಿದ್ದು ಇವರ ಹಿರಿಮೆ.

ಇದು ನಮಗೆ ಅಪರಿಚಿತವಾದ ಕ್ರಮವೇನಲ್ಲ. ತಪಸ್ಸುಕಾಲದಲ್ಲಿ ನಾವು ಶಿಲುಬೆಹಾದಿಯನ್ನು ನಡೆಯುತ್ತೇವೆ. 14 ಸ್ಥಳಗಳಲ್ಲಿ ಪ್ರತಿಯೊಂದಕ್ಕೂ ಅದರದೇ ಧ್ಯಾನವುಂಟು. ಆದರೆ ವೆರೋನಿಕಳ ವಸ್ತ್ರದ ಅರ್ಥ ತಿಳಿಯಬೇಕಾದರೆ ಹಿಂದಿನ ಸ್ಥಳಗಳನ್ನು ದಾಟಿ ಬಂದಿರಬೇಕು, ಮುಂದಿನ ಸ್ಥಳಗಳತ್ತ ಸಾಗಬೇಕು. ಒಳ್ಳೆಯ ಆಲ್ಬಂ ಕೂಡ ಹೀಗೆಯೇ ನಡೆಯಬೇಕಾದ ಹಾದಿ. ಆದ್ದರಿಂದ ಇಂತಹ ತಂಡವನ್ನು ಜನಪ್ರಿಯವಾದ ಒಂದು ಹಾಡಿನಿಂದ ಅಳೆಯುವುದು ಅನ್ಯಾಯ. ನಾನು ಮೂರು ಪ್ರಶ್ನೆಗಳನ್ನು ಇಟ್ಟುಕೊಳ್ಳುತ್ತೇನೆ. ಆಲ್ಬಂ ಇಡಿಯಾಗಿ ನಿಲ್ಲುತ್ತದೆಯೇ? ವಾದ್ಯಕೌಶಲವು ಹೇಳಬೇಕಾದ ಮಾತಿಗೆ ಸೇವೆ ಸಲ್ಲಿಸುತ್ತದೆಯೇ, ಅಥವಾ ತಾನೇ ಪೀಠವೇರಿ ಕುಳಿತಿದೆಯೇ? ವರುಷಗಳು ಉರುಳಿದಂತೆ ತಂಡವು ಬೆಳೆದಿದೆಯೇ, ಇಲ್ಲವೇ ಕೇವಲ ದೊಡ್ಡದಾಗಿದೆಯೇ? ಬೆಳೆಯುವುದೂ ದೊಡ್ಡದಾಗುವುದೂ ಒಂದೇ ಅಲ್ಲವೆಂಬುದು ಮಕ್ಕಳನ್ನು ಸಾಕಿದ ನಿಮಗೆ ತಿಳಿಯದ ವಿಷಯವಲ್ಲ.

ಈ ಕೊನೆಯ ಪ್ರಶ್ನೆಗೆ ಯೆಸ್ ತಂಡದ ಬಾಳು ಒಳ್ಳೆಯ ದೃಷ್ಟಾಂತ. 1972ರ ‘ಕ್ಲೋಸ್ ಟು ದಿ ಎಡ್ಜ್’ ಆಲ್ಬಮಿನ ಶೀರ್ಷಿಕೆ ಕೃತಿ 18 ನಿಮಿಷಗಳನ್ನು ಮೀರುತ್ತದೆ. ಆದರೂ ಅದರಲ್ಲಿ ಹೆಚ್ಚಾಯಿತೆನ್ನುವ ಒಂದು ಭಾಗವೂ ನನಗೆ ಕಾಣುವುದಿಲ್ಲ. ಮರುವರುಷವೇ ತಂಡವು ಎರಡು ತಟ್ಟೆಗಳ, ಮಗ್ಗುಲಿಗೊಂದರಂತೆ ನಾಲ್ಕೇ ಕೃತಿಗಳ ಬೃಹತ್ ಆಲ್ಬಮನ್ನು ಹೊರತಂದಿತು. ಅಲ್ಲಿ ಉದ್ದ ಹೆಚ್ಚಿತು, ಆಳ ಹೆಚ್ಚಲಿಲ್ಲ. ಅದರಿಂದ ಬೇಸತ್ತ ಕೀಬೋರ್ಡ್ ವಾದಕ ರಿಕ್ ವೇಕ್‌ಮನ್ 1974ರಲ್ಲಿ ತಂಡವನ್ನು ತೊರೆದರು. ಅವರು ಮರಳಿ ಬಂದ ಮೇಲೆ, 1977ರ ‘ಗೋಯಿಂಗ್ ಫಾರ್ ದಿ ಒನ್’ ಆಲ್ಬಮಿಗಾಗಿ ಸ್ವಿಟ್ಜರ್ಲೆಂಡಿನ ವೆವೆ ಪಟ್ಟಣದ ಸಂತ ಮಾರ್ಟಿನರ ದೇವಾಲಯದ ಆರ್ಗನ್ ನುಡಿಸಿದರು. ಆ ಆಲ್ಬಮಿನ ಕೊನೆಯ ಕೃತಿಯಲ್ಲಿ ಆರ್ಗನ್ನಿನ ನಾದ ಏರಿ ಇಳಿಯುವಾಗ, ಅಬ್ಬರ ಅಡಗಿದ ಮೇಲೆ ಉಳಿಯುವ ಮೌನಕ್ಕೂ ಸಂಗೀತದಲ್ಲಿ ಸ್ಥಾನವಿದೆಯೆಂಬ ಅರಿವು ಕೇಳುಗನಿಗೆ ಮೂಡುತ್ತದೆ. ಬೀಗಿದ ತಂಡವೊಂದು ಬಾಗಲು ಕಲಿತ ಕ್ಷಣವದು.

ಜೆಥ್ರೋ ಟಲ್ ತಂಡದ 1971ರ ‘ಆಕ್ವಾಲಂಗ್’ ಆಲ್ಬಮನ್ನು ಇಲ್ಲಿ ಹೆಸರಿಸದೆ ಮುಂದೆ ಸಾಗಲಾರೆ. ಏಕೆಂದರೆ ಅದರ ಎರಡನೆಯ ಮಗ್ಗುಲು ನಮ್ಮಂತಹ ಧರ್ಮಸಂಸ್ಥೆಗಳನ್ನೇ ಟೀಕಿಸುತ್ತದೆ. ಮಗನೋ ಮಗಳೋ ಇದನ್ನು ಕೇಳುತ್ತಿರುವುದನ್ನು ಕಂಡು ಗಾಬರಿಗೊಳ್ಳುವ ತಂದೆತಾಯಿಗಳಿಗೆ ನಾನು ಹೇಳುವುದಿಷ್ಟು: ಒಮ್ಮೆ ಜೊತೆಗೆ ಕುಳಿತು ಕೇಳಿರಿ. ಅಲ್ಲಿಯ ಸಿಟ್ಟು ದೇವರ ಮೇಲಿನದಲ್ಲ, ದೇವರನ್ನು ತಮ್ಮ ಅನುಕೂಲಕ್ಕೆ ತಕ್ಕಂತೆ ಪೆಟ್ಟಿಗೆಯೊಳಗಿಟ್ಟ ಮನುಷ್ಯರ ಮೇಲಿನದು. ಪ್ರವಾದಿ ಆಮೋಸನೂ ಇದನ್ನೇ ಇನ್ನಷ್ಟು ಕಟುವಾಗಿ ನುಡಿದಿದ್ದಾನೆ. ಆ ಟೀಕೆ ಕೆಲವೆಡೆ ಅತಿಯಾಗಿದೆ, ಏಕಪಕ್ಷೀಯವಾಗಿದೆ ಎಂಬುದು ನನ್ನ ಅಭಿಪ್ರಾಯ. ಆದರೆ ಉತ್ತರಿಸಬೇಕಾದ ಪ್ರಶ್ನೆಯನ್ನು ಕಿವಿ ಮುಚ್ಚಿಕೊಂಡು ಎದುರಿಸಲಾಗದು.

ಇನ್ನು ನಮ್ಮ ನಾಡಿಗೆ ಬರೋಣ. 1996ರಲ್ಲಿ ಬೆಂಗಳೂರಿನ ಕ್ರೈಸ್ಟ್ ಕಾಲೇಜಿನ ಪರಿಸರದಲ್ಲಿ ‘ಥರ್ಮಲ್ ಅಂಡ್ ಎ ಕ್ವಾರ್ಟರ್’ ಎಂಬ ತಂಡ ಹುಟ್ಟಿತು. ಗಾಯಕ ಹಾಗೂ ಗಿಟಾರ್ ವಾದಕ ಬ್ರೂಸ್ ಲೀ ಮಣಿ, ಡ್ರಮ್ ವಾದಕ ರಾಜೀವ್ ರಾಜಗೋಪಾಲ್ ಇದರ ಆಧಾರಸ್ತಂಭಗಳು. 2000ದಲ್ಲಿ ಮೊದಲ ಆಲ್ಬಂ, 2002ರಲ್ಲಿ ‘ಜುಪಿಟರ್ ಕೆಫೆ’, 2008ರಲ್ಲಿ ‘ದಿಸ್ ಈಸ್ ಇಟ್’ ಹೊರಬಂದವು. 2012ರ ‘3 ವೀಲ್ಸ್ 9 ಲೈವ್ಸ್’ ಮೂರು ತಟ್ಟೆಗಳ ಆಲ್ಬಂ. ಆಟೋರಿಕ್ಷಾವನ್ನು ರೂಪಕವನ್ನಾಗಿಸಿಕೊಂಡು ಬೆಂಗಳೂರಿನ ಬದುಕನ್ನು ಹಾಡುವ ಪ್ರಯತ್ನ. ಆಂಗ್ಲ ಭಾಷೆಯಲ್ಲಿ ಹಾಡಿದರೂ ಈ ತಂಡವು ಲಂಡನ್ನಿನ ಮಳೆಯನ್ನು ಹಾಡದೆ ತನ್ನೂರಿನ ಬೀದಿಯನ್ನೇ ಹಾಡಿತು. ಇದು ಸಣ್ಣ ಸಾಧನೆಯಲ್ಲ. ಆದರೆ ಮೂರು ತಟ್ಟೆಗಳ ಆ ರಾಶಿಯನ್ನು ಒಂದು ತಟ್ಟೆಗೆ ಇಳಿಸಿದ್ದರೆ ಅದು ಇನ್ನಷ್ಟು ಬಾಳುತ್ತಿತ್ತು. ಜಾಝ್‌ನ ಸ್ವರಸಂಯೋಜನೆಗಳಲ್ಲಿ ಇವರಿಗಿರುವ ಪಾಂಡಿತ್ಯ ಒಮ್ಮೊಮ್ಮೆ ಹಾಡಿನ ಭಾವವನ್ನು ಹಿಂದಿಕ್ಕಿ ಓಡುತ್ತದೆ. ‘ಎ ವರ್ಲ್ಡ್ ಗಾನ್ ಮ್ಯಾಡ್’ ಎಂಬ ಅವರ 2020ರ ಆಲ್ಬಮಿನ ಹೊತ್ತಿಗೆ ಊರಿನ ಚೇಷ್ಟೆಗಿಂತ ಲೋಕದ ಕಳವಳವೇ ಮುಂದೆ ಬಂದಿದೆ. ಕಾಲು ಶತಮಾನದುದ್ದಕ್ಕೂ ಜೊತೆಯಾಗಿ ನುಡಿಸುತ್ತ ಬಂದವರ ನಡುವಿನ ಹೊಂದಾಣಿಕೆ ಕೇಳುಗನಿಗೆ ತಾನಾಗಿಯೇ ತಿಳಿಯುತ್ತದೆ. ದೀರ್ಘ ದಾಂಪತ್ಯದಲ್ಲಿ ಮಾತಿಗಿಂತ ಮೊದಲು ಕಣ್ಸನ್ನೆ ತಿಳಿಯುವಂತೆ.

‘ಅಗಂ’ ತಂಡದ ಹಾದಿ ಬೇರೆ. 2003ರಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ಈ ತಂಡ ತನ್ನನ್ನು ಕರ್ನಾಟಕ ಸಂಗೀತದ ಪ್ರೊಗ್ರೆಸಿವ್ ರಾಕ್ ತಂಡವೆಂದೇ ಗುರುತಿಸಿಕೊಂಡಿದೆ. ಗಾಯಕರೂ ಪಿಟೀಲು ವಾದಕರೂ ಆದ ಹರೀಶ್ ಶಿವರಾಮಕೃಷ್ಣನ್ ಇದರ ಮುಂಚೂಣಿಯ ದನಿ. ಪಾಶ್ಚಾತ್ಯ ಪಿಟೀಲಿಗೆ ಏಳು ತಂತಿಗಳನ್ನು ಬಿಗಿದು ಅದನ್ನು ನಮ್ಮದಾಗಿಸಿಕೊಂಡ ಟಿ. ಚೌಡಯ್ಯನವರ ಮೈಸೂರು ಸೀಮೆಯವರಾದ ನಮಗೆ ಇಂತಹ ಬೆರಕೆ ಅಚ್ಚರಿಯನ್ನು ತರಬೇಕಾಗಿಲ್ಲ. 2012ರ ಮೊದಲ ಆಲ್ಬಂ ‘ದಿ ಇನ್ನರ್ ಸೆಲ್ಫ್ ಅವೇಕನ್ಸ್’ನಲ್ಲಿ ಸ್ವಾತಿ ತಿರುನಾಳರ ಧನಾಶ್ರೀ ತಿಲ್ಲಾನವೂ ತ್ಯಾಗರಾಜರ ಹಂಸನಾದ ರಾಗದ ಕೃತಿಯೂ ಇವೆ. ಅಲ್ಲಿ ಉತ್ಸಾಹವೇ ಪ್ರಧಾನ. ಗಿಟಾರು ರಾಗದ ಬೆನ್ನಟ್ಟಿ ಓಡುತ್ತದೆ, ಡ್ರಮ್ಮು ಎಲ್ಲಿಯೂ ಬಿಡುವು ಕೊಡುವುದಿಲ್ಲ. 2017ರ ‘ಎ ಡ್ರೀಮ್ ಟು ರಿಮೆಂಬರ್’ ಹೊತ್ತಿಗೆ ತಂಡ ಕಾಯುವುದನ್ನು ಕಲಿತಿದೆ. ಮುತ್ತುಸ್ವಾಮಿ ದೀಕ್ಷಿತರ ಶ್ರೀರಂಗದ ಕೃತಿಯನ್ನು ಕೇಳಿರಿ: ದನಿಗೆ ನೆಲೆ ಸಿಕ್ಕಿದ ಮೇಲೆಯೇ ವಾದ್ಯಗಳು ಬಂದು ಸುತ್ತ ನಿಲ್ಲುತ್ತವೆ. ಮೂರನೆಯ ಆಲ್ಬಮಿನ ವೇಳೆಗೆ ಜೆಕ್ ದೇಶದ ರಾಷ್ಟ್ರೀಯ ಸಿಂಫನಿ ವಾದ್ಯವೃಂದವೇ ಜೊತೆಗೂಡಿ, ಸಾರಮತಿ ರಾಗದಲ್ಲಿರುವ ತ್ಯಾಗರಾಜರ ಮೋಕ್ಷದ ಕುರಿತ ಕೃತಿ ಮಹಾಗಾತ್ರವನ್ನು ತಳೆದಿದೆ. ಭಕ್ತಿಯಿಂದ ಕೂಡಿದ ಸಂಗೀತಜ್ಞಾನವಿಲ್ಲದವರಿಗೆ ಮುಕ್ತಿಯುಂಟೇ ಎಂದು ಕೇಳುವ ರಚನೆಯದು. ಒಬ್ಬ ಸಂತ ತಂಬೂರಿಯೊಂದಿಗೆ ತನ್ನೊಳಗೆ ಕೇಳಿಕೊಂಡ ಪ್ರಶ್ನೆಯನ್ನು ಇಷ್ಟು ಜನ ಸೇರಿ ಕೇಳಬೇಕೇ ಎಂಬ ಅನುಮಾನ ನನ್ನಲ್ಲಿ ಉಳಿದಿದೆ. ವೈಭವಕ್ಕೆ ತಲೆದೂಗುತ್ತೇನೆ, ಸಮತೋಲಕ್ಕಾಗಿ ಎರಡನೆಯ ಆಲ್ಬಮಿಗೇ ಮರಳುತ್ತೇನೆ.

ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರನ್ನು ಕಟ್ಟುನಿಟ್ಟಾಗಿ ಈ ಪ್ರಕಾರಕ್ಕೆ ಸೇರಿಸಲಾಗದು. ಅವರದು ಜಾನಪದ ರಾಕ್. ಆದರೂ ನಮ್ಮ ಚರ್ಚೆಗೆ ಅವರು ಬೇಕು. 2008ರಲ್ಲಿ ಬಂದ ಅವರ ತಂಡದ ಮೊದಲ ಆಲ್ಬಮಿನಲ್ಲಿ ಹಿಂದಿ, ಆಂಗ್ಲ ಹಾಡುಗಳ ನಡುವೆ ಶಿಶುನಾಳ ಶರೀಫರ ಎರಡು ಪದಗಳಿವೆ. 1819ರಲ್ಲಿ ಹುಟ್ಟಿ 1889ರಲ್ಲಿ ಗತಿಸಿದ ಆ ಸಂತನ ಪದಗಳನ್ನು ಸಿ. ಅಶ್ವತ್ಥರ ಕಂಠದಲ್ಲಿ ಕೇಳಿ ಬೆಳೆದ ನಮಗೆ ಗಿಟಾರಿನ ಜೊತೆ ಅವು ಹೊಂದೀತೇ ಎಂಬ ಸಂಶಯ ಸಹಜ. ಆದರೆ ಸೋರುವ ಮಾಳಿಗೆಯನ್ನು ಕುರಿತ ಆ ಪದವನ್ನು ಕೇಳಿದಾಗ ಇಡೀ ಆಲ್ಬಮಿನಲ್ಲಿ ಅತ್ಯಂತ ಆಳವಾಗಿ ಇಳಿಯುವುದು ಅದೇ ಎನಿಸುತ್ತದೆ. ಕಾರಣ ಸರಳ: ಅಲ್ಲಿಯ ಮಾತಿಗೆ ತೂಕವಿದೆ, ಸಂಗೀತವು ಆ ತೂಕವನ್ನು ಹೊರಲು ಬಗ್ಗಿದೆ. 2013ರ ‘ಜಗ್ ಚಂಗಾ’ದಲ್ಲಿ ವಾದ್ಯಗಳು ಹೆಚ್ಚಿದವು, ಧ್ವನಿಮುದ್ರಣ ಹೊಳಪೇರಿತು. ಲೋಕದ ಚಿಂತೆಯನ್ನು ಕುರಿತ ಶರೀಫರ ಪದ ಅಲ್ಲಿಯೂ ಇದೆ. ಅಲ್ಲಿಯೂ ನೆನಪಿನಲ್ಲಿ ಉಳಿಯುವುದು ಅದೇ.

ಓದುಗರೇ, ಈ ಮೂರು ಹಾದಿಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನನ್ನನ್ನು ಕಾಡುವ ಕೊರತೆಯೊಂದಿದೆ. ಥರ್ಮಲ್ ತಂಡ ಬೆಂಗಳೂರನ್ನು ಆಂಗ್ಲದಲ್ಲಿ ಹಾಡಿತು. ಅಗಂ ತಂಡದ ಮುಖ್ಯ ಕೃತಿಗಳು ತೆಲುಗು, ಸಂಸ್ಕೃತಗಳನ್ನು ಆಶ್ರಯಿಸಿದವು. ಕನ್ನಡದ ಪಾಲಿಗೆ ಬಂದದ್ದು ಬಿಡಿಪದಗಳು. ಆಲ್ಬಮಿನ ಉದ್ದಕ್ಕೂ ಚಾಚಿಕೊಳ್ಳುವ ದೀರ್ಘ ಕಥನಕ್ಕೆ ಕನ್ನಡದಲ್ಲಿ ಸಾಮಗ್ರಿ ಇಲ್ಲವೇ? ನಮ್ಮ ಮೈಸೂರು, ಚಾಮರಾಜನಗರ ಸೀಮೆಯ ನೀಲಗಾರರು ತಂಬೂರಿ, ದಮ್ಮಡಿ, ಗಗ್ಗರಗಳೊಂದಿಗೆ ಮಂಟೇಸ್ವಾಮಿ ಕಾವ್ಯವನ್ನು ರಾತ್ರಿಯಿಡೀ ಹಾಡುತ್ತಾರೆ. ಕಂಸಾಳೆಯವರು ಮಲೆಯ ಮಾದೇಶ್ವರನ ಕಥೆಯನ್ನು ಸಾಲು ಸಾಲಾಗಿ ಬಿಚ್ಚುತ್ತಾರೆ. ಒಂದೇ ತಾಳ ಹಿಡಿದು ನಡೆಯುತ್ತ, ನಡುವೆ ಮಾತು, ನಡುವೆ ಸೊಲ್ಲು, ಮತ್ತೆ ಪಲ್ಲವಿ. ಯೆಸ್ ತಂಡದ 18 ನಿಮಿಷಗಳು ಈ ಇರುಳುಗಳ ಮುಂದೆ ಎಷ್ಟರವು! ದೀರ್ಘವಾಗಿ ಕೇಳುವ ಸಂಸ್ಕಾರ ನಮಗೆ ಇಂಗ್ಲೆಂಡಿನಿಂದ ಬರಬೇಕಾಗಿರಲಿಲ್ಲ. ಅದು ನಮ್ಮ ಜಗುಲಿಯ ಮೇಲೆಯೇ ಇತ್ತು. ನಾವು ಮೈಕಿನ ಚಿತ್ರಗೀತೆಗೆ ಅದನ್ನು ಬಿಟ್ಟುಕೊಟ್ಟೆವು.

ಆದ್ದರಿಂದ ನಮ್ಮ ಧರ್ಮಕೇಂದ್ರಗಳ ಗಾಯನವೃಂದಗಳಲ್ಲಿ ಕೀಬೋರ್ಡು, ಗಿಟಾರು ನುಡಿಸುವ ಯುವಕ ಯುವತಿಯರಿಗೆ ನನ್ನದೊಂದು ಕೋರಿಕೆ. ನೀವು ಮೆಚ್ಚಿದ ತಂಡದ ಒಂದು ಹಾಡನ್ನು ಕೇಳಿ ನಿಲ್ಲಬೇಡಿರಿ. ಅದರ ಮೊದಲ ಆಲ್ಬಮನ್ನೂ ಇತ್ತೀಚಿನ ಆಲ್ಬಮನ್ನೂ ಆದಿಯಿಂದ ಅಂತ್ಯದವರೆಗೆ ಕೇಳಿರಿ. ಎಲ್ಲಿ ಕೈಚಳಕ ಹೆಚ್ಚಿತು, ಎಲ್ಲಿ ಮಾತು ಬರಿದಾಯಿತು, ಎಲ್ಲಿ ಮೌನ ಒಳಬಂದಿತು ಎಂಬುದನ್ನು ಗುರುತಿಸಿರಿ. ಅನಂತರ ನಿಮ್ಮೂರಿಗೆ ನೀಲಗಾರರು ಬಂದ ಇರುಳು ಹೋಗಿ ಕುಳಿತುಕೊಳ್ಳಿರಿ. ಕನ್ನಡದ ದೀರ್ಘಕಥನಕ್ಕೆ ಗಿಟಾರಿನ ತಂತಿಯನ್ನು ಶ್ರುತಿ ಮಾಡಬಲ್ಲವರು ನಿಮ್ಮ ನಡುವೆಯೇ ಇರಬಹುದು.

ತಂದೆತಾಯಿಗಳಿಗೂ ಒಂದು ಮಾತು. ಮಕ್ಕಳು ಕೇಳುವುದೆಲ್ಲವನ್ನೂ ಮೆಚ್ಚಬೇಕಾಗಿಲ್ಲ. ವಿವೇಚನೆ ನಿಮ್ಮ ಹಕ್ಕು, ಕರ್ತವ್ಯ ಕೂಡ. ಆದರೆ ತೀರ್ಪಿಗೆ ಮೊದಲು ವಿಚಾರಣೆ ನಡೆಯಬೇಕಲ್ಲವೇ? ಒಂದು ಭಾನುವಾರದ ಸಂಜೆ ಟಿ.ವಿ.ಯನ್ನು ಆರಿಸಿ, ಅವರಿಂದಲೇ ಒಂದು ಆಲ್ಬಮನ್ನು ಆರಿಸಲು ಹೇಳಿ, ಮುಕ್ಕಾಲು ಗಂಟೆ ಜೊತೆಗೆ ಕುಳಿತುಕೊಳ್ಳಿರಿ. ಮೊದಲ ಹತ್ತು ನಿಮಿಷ ಗದ್ದಲವೆನಿಸೀತು. ಆಮೇಲೆ ಎಲ್ಲೋ ಒಂದೆಡೆ ಪಿಟೀಲಿನ ಎಳೆಯೊಂದು ಪರಿಚಿತವೆನಿಸೀತು. ಅಲ್ಲಿಂದ ಮಾತು ಆರಂಭಿಸಬಹುದು.